ಡ್ರಾಪ್‌ಡೌನ್‌ನ ಮೊದಲ ಖಾಲಿ ಸಾಲು: ದೋಷ ಎಲ್ಲಿದೆ ಎಂದು ಹುಡುಕುವ ಬಗೆ

ಅರ್ಜಿಗಳ ಜಿಲ್ಲಾವಾರು ಪಟ್ಟಿ ತೆಗೆದಾಗ ಬಾಗಲಕೋಟೆಯ ಹೆಸರಿನಲ್ಲಿ ಮಾತ್ರ ಅಳತೆ ಮೀರಿ ಅರ್ಜಿಗಳು ಕಂಡರೆ, ಮೊದಲು ಅನುಮಾನ ಪಡಬೇಕಾದದ್ದು ಫಾರ್ಮ್‌ನ ಡ್ರಾಪ್‌ಡೌನ್ ಮೇಲೆ, ಅಂದರೆ ಒತ್ತಿದಾಗ ಬಿಚ್ಚಿಕೊಳ್ಳುವ ಆಯ್ಕೆಗಳ ಪಟ್ಟಿಯ ಮೇಲೆ. ಕರ್ನಾಟಕದ 31 ಜಿಲ್ಲೆಗಳನ್ನು ಇಂಗ್ಲಿಷ್ ಅಕ್ಷರಕ್ರಮದಲ್ಲಿ ಜೋಡಿಸಿದರೆ ಬಾಗಲಕೋಟೆ ಮೊದಲಿಗೆ ಬರುತ್ತದೆ. ಕನ್ನಡ ವರ್ಣಮಾಲೆಯ ಕ್ರಮ ಹಿಡಿದರೆ ಅದೇ ಜಾಗದಲ್ಲಿ ಉಡುಪಿ ಇರುತ್ತದೆ. ಕೇಂದ್ರಾಡಳಿತ ಪ್ರದೇಶಗಳನ್ನೂ ಸೇರಿಸಿದ ರಾಜ್ಯಗಳ ಪಟ್ಟಿಯಾದರೆ ಅಂಡಮಾನ್ ಮತ್ತು ನಿಕೋಬಾರ್. ಯಾರೂ ಆರಿಸದಿದ್ದರೂ ಮೊದಲ ಸಾಲು ತಾನಾಗಿಯೇ ಆಯ್ಕೆಯಾಗಿ ಸರ್ವರ್‌ಗೆ ಹೋಗುತ್ತಿದೆ ಎಂಬುದಕ್ಕೆ ಇದು ಸ್ಪಷ್ಟ ಗುರುತು.

ಇದಕ್ಕೆ ಪರಿಹಾರವಾಗಿ ಎಲ್ಲರೂ ಮೇಲೊಂದು ಖಾಲಿ ಸಾಲು ಸೇರಿಸುತ್ತಾರೆ. ಹಾಗೆ ಸೇರಿಸಿದ ಮೇಲೂ ತೊಂದರೆ ನಿಲ್ಲುವುದಿಲ್ಲ, ರೂಪ ಬದಲಿಸುತ್ತದೆ ಅಷ್ಟೆ. ಡೇಟಾಬೇಸ್‌ನ ಜಿಲ್ಲೆಯ ಕಾಲಂನಲ್ಲಿ ‘-- ಆಯ್ಕೆಮಾಡಿ --’ ಎಂಬ ಪಠ್ಯವೇ ಕೂತಿರುತ್ತದೆ. ಇಲ್ಲವೇ ಫಾರ್ಮ್ ಕಳುಹಿಸಿದ ಕೂಡಲೇ ಸರ್ವರ್ ಎರರ್ ಕೊಡುತ್ತದೆ. ಇಲ್ಲವೇ ಯಾರೂ ಸೇರಿಸದ ಇನ್ನೊಂದು ಬಿಳಿ ಸಾಲು ಪಟ್ಟಿಯ ತಲೆಯ ಮೇಲೆ ಕಾಣಿಸಿಕೊಳ್ಳುತ್ತದೆ. ನೋಡುವವರಿಗೆ ಎಲ್ಲವೂ ‘ಡ್ರಾಪ್‌ಡೌನ್ ಸರಿಯಿಲ್ಲ’ ಎಂಬ ಒಂದೇ ದೂರು. ಕಾರಣಗಳು ಮಾತ್ರ ಬೇರೆಬೇರೆ, ಒಂದರ ಮದ್ದು ಇನ್ನೊಂದಕ್ಕೆ ಕೆಲಸ ಮಾಡುವುದಿಲ್ಲ.

ಖಾಲಿ ಸಾಲನ್ನು ಅಲಂಕಾರವೆಂದು ಕಾಣುವುದೇ ಈ ದೋಷಗಳ ಮೂಲ ಎಂಬುದು ನನ್ನ ಖಚಿತ ಅಭಿಪ್ರಾಯ. ‘ಇನ್ನೂ ಉತ್ತರ ಕೊಟ್ಟಿಲ್ಲ’ ಎಂಬುದೂ ಒಂದು ಮಾಹಿತಿ. ಪರದೆಯಿಂದ ಡೇಟಾಬೇಸ್‌ವರೆಗೆ ಅದು ಅದೇ ಅರ್ಥದಲ್ಲಿ ತಲುಪಬೇಕು. ದಾರಿಯಲ್ಲಿ ಎಲ್ಲಿ ಅದು ಬೇರೆ ಅರ್ಥ ಪಡೆಯಿತು ಎಂದು ಪತ್ತೆ ಮಾಡುವುದೇ ಇಲ್ಲಿನ ಕೆಲಸ.

ಕೋಡ್ ಮುಟ್ಟುವ ಮೊದಲು

ಮೊದಲು ಪುಟವನ್ನು ನಿಜವಾಗಿ ಹೊಸದಾಗಿ ತೆರೆಯಿರಿ. ಫೈರ್‌ಫಾಕ್ಸ್‌ನಲ್ಲಿ ಬರೀ ರಿಫ್ರೆಶ್ ಮಾಡಿದರೆ ಫಾರ್ಮ್‌ನಲ್ಲಿ ಹಿಂದೆ ಆರಿಸಿದ್ದ ಮೌಲ್ಯಗಳು ಹಾಗೆಯೇ ಉಳಿಯುತ್ತವೆ. ನೀವು ಎಚ್‌ಟಿಎಂಎಲ್ ಸರಿಪಡಿಸಿ, ರಿಫ್ರೆಶ್ ಮಾಡಿ, ‘ಇನ್ನೂ ಹಳೆಯದೇ ಬರುತ್ತಿದೆ’ ಎಂದು ತಲೆ ಕೆಡಿಸಿಕೊಳ್ಳುವುದು ಇಲ್ಲಿಂದಲೇ. ಕಂಟ್ರೋಲ್ ಮತ್ತು ಶಿಫ್ಟ್ ಒತ್ತಿ ಹಿಡಿದು ಆರ್ ಒತ್ತಿ, ಇಲ್ಲವೇ ಹೊಸ ಖಾಸಗಿ ವಿಂಡೋದಲ್ಲಿ ತೆರೆಯಿರಿ. ಈ ನೆನಪಿಟ್ಟುಕೊಳ್ಳುವ ಗುಣ ನಿಮ್ಮ ಫಾರ್ಮ್‌ಗೆ ಬೇಡವೇ ಬೇಡ ಎಂದಾದರೆ ಡ್ರಾಪ್‌ಡೌನ್ ಕಟ್ಟುವ ಸೆಲೆಕ್ಟ್ ಟ್ಯಾಗ್‌ನಲ್ಲಿ ಆಟೊಕಂಪ್ಲೀಟ್ ಅನ್ನು ಆಫ್ ಎಂದು ಬರೆಯಬಹುದು.

ಆಮೇಲೆ ಬ್ರೌಸರ್‌ನ ಡೆವಲಪರ್ ಟೂಲ್ಸ್ ತೆರೆದು ಎಲಿಮೆಂಟ್ಸ್ ಟ್ಯಾಬ್‌ನಲ್ಲಿ ಆ ಸೆಲೆಕ್ಟ್ ಮೇಲೆ ಕ್ಲಿಕ್ ಮಾಡಿ. ಫೈರ್‌ಫಾಕ್ಸ್‌ನಲ್ಲಿ ಆ ಟ್ಯಾಬ್‌ಗೆ ಇನ್‌ಸ್ಪೆಕ್ಟರ್ ಎಂದು ಹೆಸರು. ಇಲ್ಲಿ ನೋಡಬೇಕಾದದ್ದು ಬ್ರೌಸರ್ ಕಟ್ಟಿಕೊಂಡಿರುವ ಈಗಿನ ಪಟ್ಟಿಯನ್ನು. ವ್ಯೂ ಸೋರ್ಸ್‌ನಲ್ಲಿ ಸರ್ವರ್ ಕಳುಹಿಸಿದ್ದು ಮಾತ್ರ ಕಾಣುತ್ತದೆ, ಸ್ಕ್ರಿಪ್ಟ್ ಆಮೇಲೆ ಸೇರಿಸಿದ ಅಥವಾ ಅಳಿಸಿದ ಸಾಲುಗಳು ಕಾಣುವುದಿಲ್ಲ. ಹಾಗೆ ಕ್ಲಿಕ್ ಮಾಡಿದ ಮೇಲೆ ಕನ್ಸೋಲ್‌ನಲ್ಲಿ $0 ಎಂದರೆ ಅದೇ ಸೆಲೆಕ್ಟ್. ಅದರ ವ್ಯಾಲ್ಯೂ ಎಷ್ಟು, ಸೆಲೆಕ್ಟೆಡ್‌ಇಂಡೆಕ್ಸ್ ಎಷ್ಟು ಎಂದು ಕೇಳಿ. ಇಂಡೆಕ್ಸ್ 0 ಇದ್ದರೆ ಮೊದಲ ಸಾಲು ಆಯ್ಕೆಯಾಗಿದೆ. -1 ಇದ್ದರೆ ಯಾವ ಸಾಲೂ ಆಯ್ಕೆಯಾಗಿಲ್ಲ. ಪರದೆಯ ಮೇಲೆ ಎರಡೂ ಬಿಳಿ ಪೆಟ್ಟಿಗೆಯಂತೆಯೇ ಕಾಣಬಹುದು, ಆದ್ದರಿಂದ ಕಣ್ಣನ್ನು ನಂಬದೆ ಈ ಎರಡು ಉತ್ತರಗಳನ್ನು ಬರೆದಿಟ್ಟುಕೊಳ್ಳಿ.

ಮೂರನೆಯದು ನೆಟ್‌ವರ್ಕ್ ಟ್ಯಾಬ್. ಏನನ್ನೂ ಆರಿಸದೆ ಫಾರ್ಮ್ ಕಳುಹಿಸಿ, ಆ ರಿಕ್ವೆಸ್ಟ್ ತೆರೆದು ಪೇಲೋಡ್, ಅಂದರೆ ಸರ್ವರ್‌ಗೆ ಹೋದ ಮಾಹಿತಿ, ಓದಿ. ಜಿಲ್ಲೆ ಎಂಬ ಹೆಸರಿನ ಮುಂದೆ ಏನಿದೆ? ಖಾಲಿ ಇದೆಯೇ, ಬಾಗಲಕೋಟೆಯ ಕೋಡ್ ಇದೆಯೇ, ‘ಆಯ್ಕೆಮಾಡಿ’ ಎಂಬ ಪಠ್ಯವಿದೆಯೇ, ಅಥವಾ ಜಿಲ್ಲೆ ಎಂಬ ಹೆಸರೇ ಇಲ್ಲವೇ? ಈ ನಾಲ್ಕರಲ್ಲಿ ಯಾವುದು ಎಂದು ತಿಳಿದರೆ ಅರ್ಧ ಕೆಲಸ ಮುಗಿದಂತೆ.

ಪೇಲೋಡ್‌ನಲ್ಲಿ ನಿಜವಾದ ಜಿಲ್ಲೆಯ ಕೋಡ್ ಇದ್ದರೆ

ಒಂದೇ ಆಯ್ಕೆಗೆ ಅವಕಾಶವಿರುವ ಸಾಮಾನ್ಯ ಡ್ರಾಪ್‌ಡೌನ್‌ನಲ್ಲಿ ಯಾವ ಆಪ್ಷನ್‌ಗೂ (ಪಟ್ಟಿಯ ಸಾಲಿಗೂ) ಸೆಲೆಕ್ಟೆಡ್ ಎಂದು ಬರೆದಿಲ್ಲದಿದ್ದರೆ, ಡಿಸೇಬಲ್ ಆಗಿರದ, ಅಂದರೆ ಆರಿಸದಂತೆ ತಡೆದಿರದ, ಮೊದಲ ಆಪ್ಷನ್ ಅನ್ನು ಬ್ರೌಸರ್ ತಾನೇ ಆರಿಸಿಕೊಳ್ಳುತ್ತದೆ. ಇದು ಯಾವುದೋ ಒಂದು ಬ್ರೌಸರ್‌ನ ಚಾಳಿಯಲ್ಲ, ಎಚ್‌ಟಿಎಂಎಲ್ ಮಾನದಂಡವೇ ಹೀಗೆ ಹೇಳುತ್ತದೆ. ಹಾಗಾಗಿ ಮೊದಲ ಸಾಲೇ ಬಾಗಲಕೋಟೆ ಆಗಿದ್ದರೆ ಉತ್ತರ ಕಡ್ಡಾಯ ಎನ್ನುವ ರಿಕ್ವೈರ್ಡ್ ಬರೆದೂ ಪ್ರಯೋಜನವಿಲ್ಲ. ರಿಕ್ವೈರ್ಡ್ ಕೇಳುವುದು ಮೌಲ್ಯ ಇದೆಯೇ ಎಂದು ಮಾತ್ರ, ಅದನ್ನು ಮನುಷ್ಯರು ಆರಿಸಿದರೋ ಬ್ರೌಸರ್ ಆರಿಸಿತೋ ಅದಕ್ಕೆ ಗೊತ್ತಿಲ್ಲ.

‘ಡಿಸೇಬಲ್ ಆಗಿರದ’ ಎಂಬ ಷರತ್ತಿನಲ್ಲೇ ಇನ್ನೊಂದು ದೋಷ ಅಡಗಿದೆ. ಮೇಲಿನ ಖಾಲಿ ಸಾಲನ್ನು ಯಾರೂ ಮತ್ತೆ ಆರಿಸಬಾರದೆಂದು ಅದಕ್ಕೆ ಡಿಸೇಬಲ್ಡ್ ಬರೆಯುತ್ತಾರೆ, ಜೊತೆಗೆ ಸೆಲೆಕ್ಟೆಡ್ ಬರೆಯುವುದನ್ನು ಬಿಡುತ್ತಾರೆ. ಬ್ರೌಸರ್ ಆ ಸಾಲನ್ನು ದಾಟಿ ಎರಡನೆಯ ಸಾಲಾದ ಬಾಗಲಕೋಟೆಗೆ ಹೋಗಿ ನಿಲ್ಲುತ್ತದೆ. ಎಲಿಮೆಂಟ್ಸ್ ಟ್ಯಾಬ್‌ನಲ್ಲಿ ಖಾಲಿ ಸಾಲು ಕಣ್ಣೆದುರೇ ಇದೆ, ಸೆಲೆಕ್ಟೆಡ್‌ಇಂಡೆಕ್ಸ್ ಮಾತ್ರ 1 ಎನ್ನುತ್ತಿದೆ ಎಂದಾದರೆ ಇದೇ ಕಾರಣ. ಡಿಸೇಬಲ್ಡ್ ಇಡುವುದಾದರೆ ಸೆಲೆಕ್ಟೆಡ್ ಕೂಡ ಇರಲೇಬೇಕು.

ಪೇಲೋಡ್‌ನಲ್ಲಿ ‘ಆಯ್ಕೆಮಾಡಿ’ ಎಂಬ ಪಠ್ಯವೇ ಇದ್ದರೆ

ಆಪ್ಷನ್‌ಗೆ ವ್ಯಾಲ್ಯೂ ಬರೆಯದಿದ್ದರೆ ಒಳಗಿನ ಪಠ್ಯವೇ ಅದರ ಮೌಲ್ಯವಾಗುತ್ತದೆ. ಖಾಲಿ ವ್ಯಾಲ್ಯೂ ಬರೆಯುವುದು ಬೇರೆ, ವ್ಯಾಲ್ಯೂ ಬರೆಯದೇ ಇರುವುದು ಬೇರೆ. ಈ ಮೊದಲ ಸಾಲಿಗೆ ಖಾಲಿ ವ್ಯಾಲ್ಯೂ ಬೇಕು, ಅಂದರೆ ವ್ಯಾಲ್ಯೂ ಎಂದು ಬರೆದು ಸಮಚಿಹ್ನೆ ಹಾಕಿ ಉದ್ಧರಣ ಚಿಹ್ನೆಗಳ ನಡುವೆ ಏನೂ ಇರಬಾರದು. ನಡುವೆ ಒಂದು ಸ್ಪೇಸ್ ಬಿದ್ದರೂ ಅದು ಖಾಲಿಯಲ್ಲ. ಟೆಂಪ್ಲೇಟ್‌ನಲ್ಲಿ ಓದಲು ಅನುಕೂಲವೆಂದು ಸಾಲು ಮುರಿದವರು ಈ ಸ್ಪೇಸ್ ತಂದಿರುತ್ತಾರೆ, ಕಣ್ಣಿಗೆ ಸುಲಭವಾಗಿ ಕಾಣುವುದಿಲ್ಲ. ಕನ್ಸೋಲ್‌ನಲ್ಲಿ ವ್ಯಾಲ್ಯೂದ ಉದ್ದ ಕೇಳಿ, 0 ಬರಬೇಕು.

0 ಎಂದು ಬರೆದ ವ್ಯಾಲ್ಯೂ ಕೂಡ ಖಾಲಿಯಲ್ಲ, -1 ಕೂಡ ಅಲ್ಲ. ಹಳೆಯ ಕೋಡ್‌ಗಳಲ್ಲಿ ‘ಆಯ್ಕೆಮಾಡಿ’ ಸಾಲಿಗೆ 0 ಕೊಡುವ ವಾಡಿಕೆ ತುಂಬಾ ಇದೆ. ಸರ್ವರ್‌ನಲ್ಲಿ 0 ಬಂದರೆ ತಿರಸ್ಕರಿಸುವ ಷರತ್ತು ಇರುವವರೆಗೆ ಅದು ನಡೆಯುತ್ತದೆ. ಯಾರೋ ಕೋಡ್ ಹೊಸದಾಗಿ ಬರೆಯುವಾಗ ಆ ಷರತ್ತು ಬಿಟ್ಟುಹೋದರೆ, 0 ಎಂಬ ಇಲ್ಲದ ಜಿಲ್ಲೆ ಡೇಟಾಬೇಸ್ ಸೇರುತ್ತದೆ ಅಥವಾ ಜಿಲ್ಲೆಗಳ ಟೇಬಲ್‌ನಲ್ಲಿ ಅಂಥ ಕೋಡ್ ಇಲ್ಲವೆಂಬ ಫಾರಿನ್ ಕೀ ಎರರ್ ಬರುತ್ತದೆ.

ರಿಕ್ವೈರ್ಡ್ ಸರಿಯಾಗಿ ಕೆಲಸ ಮಾಡಬೇಕಾದರೆ ಮಾನದಂಡದ ನಿಯಮ ಹೀಗಿದೆ: ಆ ಸಾಲು ಪಟ್ಟಿಯ ಮೊದಲನೆಯದೇ ಆಗಿರಬೇಕು, ವ್ಯಾಲ್ಯೂ ಖಾಲಿ ಇರಬೇಕು, ಅದು ನೇರವಾಗಿ ಸೆಲೆಕ್ಟ್ ಒಳಗೆ ಇರಬೇಕು. ಬೆಂಗಳೂರು, ಬೆಳಗಾವಿ, ಕಲಬುರಗಿ, ಮೈಸೂರು ಎಂದು ವಿಭಾಗವಾರು ಆಪ್ಟ್‌ಗ್ರೂಪ್ ಮಾಡುವಾಗ ಖಾಲಿ ಸಾಲು ಮೊದಲ ಗುಂಪಿನೊಳಗೆ ಸೇರಿಹೋದರೆ ಬ್ರೌಸರ್ ಅದನ್ನು ‘ಇನ್ನೂ ಆರಿಸಿಲ್ಲ’ ಎಂಬ ಸಾಲೆಂದು ಪರಿಗಣಿಸುವುದಿಲ್ಲ, ಫಾರ್ಮ್ ಸಲೀಸಾಗಿ ಹೊರಟುಬಿಡುತ್ತದೆ. ಗುಂಪುಗಳ ಹೊರಗೆ, ಎಲ್ಲಕ್ಕೂ ಮೇಲೆ ಇಡಿ.

ಎಲ್ಲವೂ ಸರಿಯಿದ್ದು ರಿಕ್ವೈರ್ಡ್ ತಡೆಯದಿದ್ದರೆ ಎರಡು ಕಡೆ ನೋಡಿ. ಫಾರ್ಮ್ ಟ್ಯಾಗ್‌ನಲ್ಲಿ ಪರಿಶೀಲನೆ ಬೇಡವೆನ್ನುವ ನೋವ್ಯಾಲಿಡೇಟ್ ಇದೆಯೇ? ಬಟನ್ ಒತ್ತಿದಾಗ ಸ್ಕ್ರಿಪ್ಟ್ ಫಾರ್ಮ್‌ನ ಸಬ್‌ಮಿಟ್ ಫಂಕ್ಷನ್ ಅನ್ನು ನೇರವಾಗಿ ಕರೆಯುತ್ತಿದೆಯೇ? ಹಾಗೆ ಕರೆದರೆ ಬ್ರೌಸರ್‌ನ ಪರಿಶೀಲನೆ ನಡೆಯುವುದೇ ಇಲ್ಲ. ಬದಲಿಗೆ ರಿಕ್ವೆಸ್ಟ್‌ಸಬ್‌ಮಿಟ್ ಕರೆದರೆ ನಡೆಯುತ್ತದೆ.

ಪೇಲೋಡ್‌ನಲ್ಲಿ ಜಿಲ್ಲೆ ಎಂಬ ಹೆಸರೇ ಇಲ್ಲದಿದ್ದರೆ

ಆಯ್ಕೆಯಾಗಿರುವ ಆಪ್ಷನ್ ಡಿಸೇಬಲ್ ಆಗಿದ್ದರೆ ಬ್ರೌಸರ್ ಅದನ್ನು ಕಳುಹಿಸುವುದಿಲ್ಲ. ಖಾಲಿ ಮೌಲ್ಯವಾಗಿಯೂ ಕಳುಹಿಸುವುದಿಲ್ಲ, ಆ ಹೆಸರೇ ರಿಕ್ವೆಸ್ಟ್‌ನಲ್ಲಿ ಇರುವುದಿಲ್ಲ. ರಿಕ್ವೈರ್ಡ್ ಇದ್ದರೆ ಫಾರ್ಮ್ ಹೊರಡುವುದೇ ಇಲ್ಲವಾದ್ದರಿಂದ ತೊಂದರೆ ಕಾಣದು. ಕಡ್ಡಾಯವಲ್ಲದ ಪ್ರಶ್ನೆಗಳಲ್ಲಿ, ಉದಾಹರಣೆಗೆ ರಕ್ತದ ಗುಂಪು ಕೇಳುವ ಡ್ರಾಪ್‌ಡೌನ್‌ನಲ್ಲಿ, ಇದು ತಪ್ಪದೆ ಎದುರಾಗುತ್ತದೆ.

ಸರ್ವರ್‌ನ ಕಡೆ ಇದರ ಲಕ್ಷಣ ಭಾಷೆಗೊಂದು, ಫ್ರೇಮ್‌ವರ್ಕ್‌ಗೊಂದು ರೀತಿ. ಪಿಎಚ್‌ಪಿ 8ರಲ್ಲಿ ಅರೇಯಲ್ಲಿ ಆ ಕೀ ಇಲ್ಲವೆಂಬ ವಾರ್ನಿಂಗ್ ಬರುತ್ತದೆ. ಪೈಥಾನ್‌ನ ಜಾಂಗೋದಲ್ಲಿ ಪೋಸ್ಟ್ ಡೇಟಾದಿಂದ ಚೌಕ ಆವರಣ ಹಾಕಿ ನೇರವಾಗಿ ತೆಗೆದರೆ ಮಲ್ಟಿವ್ಯಾಲ್ಯೂಡಿಕ್ಟ್ ಕೀ ಎರರ್. ಫ್ಲಾಸ್ಕ್‌ನಲ್ಲಿ ಹಾಗೆಯೇ ತೆಗೆದರೆ ಬಳಕೆದಾರರ ಮುಂದೆ 400 ಸಂಖ್ಯೆಯ ಬ್ಯಾಡ್ ರಿಕ್ವೆಸ್ಟ್ ಪುಟ ಬಂದು ನಿಲ್ಲುತ್ತದೆ. ತಮ್ಮ ತಪ್ಪೇನೆಂದು ಅವರಿಗೆ ತಿಳಿಯುವ ಯಾವ ದಾರಿಯೂ ಅಲ್ಲಿಲ್ಲ. ಅರ್ಜಿ ಹಾಕಲು ಸೈಬರ್ ಸೆಂಟರ್‌ಗೆ ಬಂದು ಸರದಿಯಲ್ಲಿ ಕಾದವರ ಪಾಲಿಗೆ ಇದು ಬಹಳ ಅನ್ಯಾಯ.

ಈ ದೋಷ ಹುಡುಕುವಾಗ ಜೆಕ್ವೆರಿ ಎಂಬ ಜಾವಾಸ್ಕ್ರಿಪ್ಟ್ ಲೈಬ್ರರಿ ಒಂದು ಗೊಂದಲ ಹುಟ್ಟಿಸುತ್ತದೆ. ಡಿಸೇಬಲ್ ಆದ ಖಾಲಿ ಸಾಲು ಆಯ್ಕೆಯಾಗಿದ್ದಾಗ ಬ್ರೌಸರ್‌ನ ಸ್ವಂತ ವ್ಯಾಲ್ಯೂ ಖಾಲಿ ಸ್ಟ್ರಿಂಗ್ (ಅಕ್ಷರವಿಲ್ಲದ ಪಠ್ಯ) ಕೊಡುತ್ತದೆ, ಜೆಕ್ವೆರಿಯ ವ್ಯಾಲ್ ಫಂಕ್ಷನ್ ನಲ್ (ಮೌಲ್ಯವೇ ಇಲ್ಲ ಎಂಬ ಗುರುತು) ಕೊಡುತ್ತದೆ. ಖಾಲಿ ಸ್ಟ್ರಿಂಗ್‌ಗೆ ಸಮವೇ ಎಂದು ಮಾತ್ರ ಪರೀಕ್ಷಿಸುವ ಕೋಡ್ ಒಂದರಲ್ಲಿ ತಡೆಯುತ್ತದೆ, ಇನ್ನೊಂದರಲ್ಲಿ ಬಿಟ್ಟುಬಿಡುತ್ತದೆ.

ಇಡೀ ಸೆಲೆಕ್ಟ್ ಡಿಸೇಬಲ್ ಆಗಿದ್ದರೂ ಹೆಸರು ಹೋಗುವುದಿಲ್ಲ. ತಿದ್ದುಪಡಿ ಪುಟದಲ್ಲಿ ‘ಜಿಲ್ಲೆ ಬದಲಿಸುವಂತಿಲ್ಲ’ ಎಂದು ಡ್ರಾಪ್‌ಡೌನ್ ಅನ್ನು ಡಿಸೇಬಲ್ ಮಾಡಿ, ಸರ್ವರ್‌ನಲ್ಲಿ ಬಂದದ್ದನ್ನೆಲ್ಲ ಹಾಗೆಯೇ ಉಳಿಸುವ ಕೋಡ್ ಇದ್ದರೆ, ಮೊದಲು ಸರಿಯಾಗಿದ್ದ ಜಿಲ್ಲೆಯೂ ಅಳಿಸಿಹೋಗುತ್ತದೆ.

ಹಾಗಾದರೆ ಖಾಲಿ ಸಾಲಿಗೆ ಡಿಸೇಬಲ್ಡ್ ಬೇಕೇ? ಕಡ್ಡಾಯ ಪ್ರಶ್ನೆಯಲ್ಲಿ ರಿಕ್ವೈರ್ಡ್ ಒಂದೇ ಸಾಕು. ಕಡ್ಡಾಯವಲ್ಲದ ಪ್ರಶ್ನೆಯಲ್ಲಂತೂ ಅದು ಹಾನಿಕರ: ಕೈತಪ್ಪಿ ‘ಬಿ ಪಾಸಿಟಿವ್’ ಒತ್ತಿದವರು ಮತ್ತೆ ಖಾಲಿಗೆ ಮರಳುವ ದಾರಿಯನ್ನೇ ಅದು ಮುಚ್ಚುತ್ತದೆ. ಗೊತ್ತಿಲ್ಲದ ರಕ್ತದ ಗುಂಪನ್ನು ಗೊತ್ತಿದೆ ಎಂದು ದಾಖಲಿಸುವುದಕ್ಕಿಂತ ಖಾಲಿ ಬಿಡುವುದು ಎಷ್ಟೋ ಮೇಲು. ನನ್ನ ಫಾರ್ಮ್‌ಗಳಲ್ಲಿ ಖಾಲಿ ಸಾಲಿಗೆ ಡಿಸೇಬಲ್ಡ್ ಹಾಕುವುದಿಲ್ಲ.

ಪರದೆಯಲ್ಲಿ ಬಿಳಿ ಪೆಟ್ಟಿಗೆ, ಇಂಡೆಕ್ಸ್ -1

ಸ್ಕ್ರಿಪ್ಟ್ ಒಂದು ಮೌಲ್ಯ ಕೊಟ್ಟು ‘ಇದನ್ನು ಆರಿಸು’ ಎಂದಾಗ ಪಟ್ಟಿಯಲ್ಲಿ ಅದಕ್ಕೆ ತಾಳೆಯಾಗುವ ಆಪ್ಷನ್ ಇಲ್ಲದಿದ್ದರೆ ಬ್ರೌಸರ್ ಎಲ್ಲ ಆಯ್ಕೆಗಳನ್ನೂ ತೆಗೆದುಹಾಕುತ್ತದೆ. ಡ್ರಾಪ್‌ಡೌನ್ ಖಾಲಿಯಾಗಿ ಕಾಣುತ್ತದೆ, ಎರರ್ ಏನೂ ಬರುವುದಿಲ್ಲ. ಹೊಸ ಅರ್ಜಿಯಲ್ಲಿ ಎಲ್ಲವೂ ಸರಿ, ಉಳಿಸಿದ್ದನ್ನು ತಿದ್ದಲು ತೆರೆದಾಗ ಮಾತ್ರ ಜಿಲ್ಲೆ ಮಾಯ ಎನ್ನುವ ದೂರುಗಳಲ್ಲಿ ಮೊದಲು ಇಲ್ಲಿ ಹುಡುಕಬೇಕು.

ಡೇಟಾಬೇಸ್‌ನಲ್ಲಿ 05 ಎಂದಿದ್ದು ಪಟ್ಟಿಯಲ್ಲಿ 5 ಎಂದಿರಬಹುದು. ಹೆಸರಿನ ಕೊನೆಗೆ ಸ್ಪೇಸ್ ಇರಬಹುದು. ಉಳಿಸುವಾಗ ಇದ್ದ ಆಯ್ಕೆಯನ್ನು ಆಮೇಲೆ ಪಟ್ಟಿಯಿಂದ ತೆಗೆದಿರಬಹುದು. 2021ರಲ್ಲಿ ಬಳ್ಳಾರಿಯಿಂದ ವಿಜಯನಗರ ಬೇರೆ ಜಿಲ್ಲೆಯಾದಾಗ ಹೊಸಪೇಟೆ ಬಳ್ಳಾರಿಯ ತಾಲೂಕುಗಳ ಪಟ್ಟಿಯಿಂದ ಹೊರಗೆ ಬಂತು. ಹಳೆಯ ದಾಖಲೆಯಲ್ಲಿ ಬಳ್ಳಾರಿ ಜಿಲ್ಲೆ, ಹೊಸಪೇಟೆ ತಾಲೂಕು ಎಂದಿದ್ದರೆ ಹೊಸ ಪಟ್ಟಿಯಲ್ಲಿ ಆ ಜೋಡಿಯೇ ಇಲ್ಲ, ತಾಲೂಕಿನ ಪೆಟ್ಟಿಗೆ ಬಿಳಿಯಾಗುತ್ತದೆ.

ಕನ್ನಡದ ಪಟ್ಟಿಗಳಲ್ಲಿ ಇನ್ನೊಂದು ಕಾರಣವಿದೆ, ಇದನ್ನು ಹತ್ತಿರದಿಂದ ನೋಡುವುದು ಒಳ್ಳೆಯದು. ಜಿಲ್ಲೆಯ ಹೆಸರನ್ನೇ ವ್ಯಾಲ್ಯೂ ಆಗಿ ಇಟ್ಟಿದ್ದೀರಿ ಎಂದುಕೊಳ್ಳಿ. ‘ಕೊಪ್ಪಳ’ದ ಮೊದಲ ಅಕ್ಷರದಲ್ಲಿರುವ ಒಕಾರದ ಚಿಹ್ನೆಯನ್ನು ಯೂನಿಕೋಡ್‌ನಲ್ಲಿ ಎರಡು ರೀತಿ ಬರೆಯಬಹುದು: ಒಂದೇ ಸಂಕೇತವಾಗಿ, ಅಥವಾ ಎಕಾರದ ಚಿಹ್ನೆ ಮತ್ತು ಊಕಾರದ ಚಿಹ್ನೆ ಎಂದು ಎರಡು ಸಂಕೇತಗಳಾಗಿ. ‘ಕೋಲಾರ’ದ ಓಕಾರ ಒಂದು ಸಂಕೇತವೂ ಆಗಬಹುದು, ಬಿಡಿಸಿದರೆ ಮೂರೂ ಆಗಬಹುದು. ಪರದೆಯ ಮೇಲೆ ಎರಡು ಬರವಣಿಗೆಗಳಿಗೂ ಕೂದಲೆಳೆಯ ವ್ಯತ್ಯಾಸವಿಲ್ಲ. ಸ್ಟ್ರಿಂಗ್‌ಗಳನ್ನು ಹೋಲಿಸಿದರೆ ಮಾತ್ರ ಅವು ಬೇರೆಬೇರೆ. ಪಟ್ಟಿ ಒಂದು ಕಡೆಯಿಂದ, ಉಳಿಸಿದ ಹೆಸರು ಇನ್ನೊಂದು ಕಡೆಯಿಂದ ಬಂದಿದ್ದರೆ ಕೊಡಗು, ಕೊಪ್ಪಳ, ಕೋಲಾರ, ಬಾಗಲಕೋಟೆಗಳು ಖಾಲಿ ತೋರಿಸುತ್ತವೆ, ಹಾಸನ, ಮಂಡ್ಯ, ಧಾರವಾಡಗಳು ಸರಿಯಾಗಿ ಬರುತ್ತವೆ. ಕೆಲವೇ ಜಿಲ್ಲೆಗಳಿಗೆ ಬರುವ ಈ ದೋಷದ ಹಿಂದೆ ಒಂದು ಕ್ರಮ ಇದೆ ಎಂದು ಹೊಳೆಯುವುದೇ ಕಷ್ಟ. ಎರಡೂ ಸ್ಟ್ರಿಂಗ್‌ಗಳ ಉದ್ದ ಕೇಳಿ ನೋಡಿ, ಬೇರೆ ಬಂದರೆ ಇದೇ ಕಾರಣವಿರಬಹುದು. ಅರ್ಧಾಕ್ಷರ ಬಿಡಿಸಿ ಬರೆಯಲು ಬಳಸುವ ಕಾಣದ ಜೋಡಣೆ ತಡೆಯ ಅಕ್ಷರವೂ ಹೀಗೆಯೇ ಕಾಡುತ್ತದೆ. ಜಾವಾಸ್ಕ್ರಿಪ್ಟ್‌ನ ನಾರ್ಮಲೈಸ್ ಫಂಕ್ಷನ್ ಮೊದಲಿನದನ್ನು ಸರಿಪಡಿಸುತ್ತದೆ, ಈ ಕಾಣದ ಅಕ್ಷರವನ್ನು ಮುಟ್ಟುವುದಿಲ್ಲ. ವ್ಯಾಲ್ಯೂಗೆ ಹೆಸರು ಇಡದೆ ಜಿಲ್ಲೆಯ ಕೋಡ್ ಇಡುವುದೇ ಶಾಶ್ವತ ಪರಿಹಾರ.

ಜಿಲ್ಲೆ ಬದಲಿಸಿದಾಗ ತಾಲೂಕು

ಒಂದು ಡ್ರಾಪ್‌ಡೌನ್ ಇನ್ನೊಂದನ್ನು ತುಂಬುವ ಕಡೆ ಖಾಲಿ ಸಾಲು ಕಳೆದುಹೋಗುವುದು ಅತಿ ಸಾಮಾನ್ಯ. ಪುಟ ತೆರೆದಾಗ ತಾಲೂಕಿನ ಪಟ್ಟಿಯಲ್ಲಿ ಖಾಲಿ ಸಾಲು ಇರುತ್ತದೆ. ಉಡುಪಿ ಆರಿಸಿದ ಕೂಡಲೇ ಸ್ಕ್ರಿಪ್ಟ್ ಹಳೆಯ ಆಪ್ಷನ್‌ಗಳನ್ನೆಲ್ಲ ಅಳಿಸಿ, ಸರ್ವರ್‌ನಿಂದ ಬಂದ ಏಳು ತಾಲೂಕುಗಳನ್ನು ತುಂಬುತ್ತದೆ. ಅಳಿಸಿದ್ದರಲ್ಲಿ ಖಾಲಿ ಸಾಲೂ ಸೇರಿತ್ತು. ಈಗ ಮೊದಲ ಸಾಲು ಇಂಗ್ಲಿಷ್ ಕ್ರಮದಲ್ಲಿ ಬ್ರಹ್ಮಾವರ, ಹೆಬ್ರಿಯವರು ಗಮನಿಸದೆ ಮುಂದೆ ಹೋದರೆ ಅವರ ಅರ್ಜಿ ಬ್ರಹ್ಮಾವರಕ್ಕೆ ಸೇರುತ್ತದೆ. ಪುಟ ತೆರೆದ ಕೂಡಲೇ ಪರೀಕ್ಷಿಸಿದವರಿಗೆ ಈ ದೋಷ ಕಾಣುವುದೇ ಇಲ್ಲ. ಜಿಲ್ಲೆ ಬದಲಿಸಿ, ಆಮೇಲೆ ಇಂಡೆಕ್ಸ್ ನೋಡಬೇಕು. ಪಟ್ಟಿ ತುಂಬುವ ಫಂಕ್ಷನ್ ಪ್ರತಿ ಸಲವೂ ಖಾಲಿ ಸಾಲನ್ನು ಮೊದಲು ಹಾಕಿ, ಆಮೇಲೆ ಉಳಿದವನ್ನು ಸೇರಿಸುವಂತೆ ಬರೆಯಿರಿ.

ನೆಟ್‌ವರ್ಕ್ ನಿಧಾನವಿದ್ದಾಗ ಬೇರೆ ತೊಂದರೆ. ಉಡುಪಿ ಒತ್ತಿ ತಕ್ಷಣ ಹಾಸನ ಒತ್ತಿದರೆ ಎರಡು ರಿಕ್ವೆಸ್ಟ್ ಹೋಗುತ್ತವೆ, ಉಡುಪಿಯ ಉತ್ತರ ತಡವಾಗಿ ಬಂದು ಹಾಸನದ ಕೆಳಗೆ ಕಾರ್ಕಳ ತೋರಿಸಬಹುದು. ಡೆವಲಪರ್ ಟೂಲ್ಸ್‌ನಲ್ಲಿ ನೆಟ್‌ವರ್ಕ್ ವೇಗ ತಗ್ಗಿಸಿ ಪರೀಕ್ಷಿಸಿದರೆ ಸಿಕ್ಕಿಬೀಳುತ್ತದೆ. ಉತ್ತರ ಬಂದಾಗ ಈಗಲೂ ಅದೇ ಜಿಲ್ಲೆ ಆಯ್ಕೆಯಲ್ಲಿದೆಯೇ ಎಂದು ನೋಡಿ ತುಂಬಿದರೆ ಸಾಕು.

ತಿದ್ದುಪಡಿ ಪುಟದಲ್ಲಿ ಸ್ಕ್ರಿಪ್ಟ್ ಮೂಲಕ ಜಿಲ್ಲೆಯನ್ನು ಆರಿಸಿದರೆ, ಆಯ್ಕೆ ಬದಲಾಯಿತೆಂದು ತಿಳಿಸುವ ಚೇಂಜ್ ಈವೆಂಟ್ ತಾನಾಗಿ ಬರುವುದಿಲ್ಲ. ಆದ್ದರಿಂದ ತಾಲೂಕುಗಳು ತುಂಬುವುದಿಲ್ಲ. ರಿಸೆಟ್ ಬಟನ್ ಒತ್ತಿದಾಗಲೂ ಹೀಗೆಯೇ: ಜಿಲ್ಲೆ ಖಾಲಿಗೆ ಮರಳುತ್ತದೆ, ತಾಲೂಕಿನಲ್ಲಿ ಹಳೆಯ ಜಿಲ್ಲೆಯ ಪಟ್ಟಿಯೇ ಉಳಿದಿರುತ್ತದೆ. ಎರಡೂ ಕಡೆ ಪಟ್ಟಿ ತುಂಬುವ ಫಂಕ್ಷನ್ ಅನ್ನು ನೀವೇ ಕರೆಯಬೇಕು.

ಫ್ರೇಮ್‌ವರ್ಕ್ ಬಳಸುತ್ತಿದ್ದರೆ

ಹಳೆಯ ಆಂಗ್ಯುಲರ್‌ಜೆಎಸ್‌ನಲ್ಲಿ ಬರೆದ ಒಳಬಳಕೆಯ ತಂತ್ರಾಂಶಗಳು ಇನ್ನೂ ಓಡುತ್ತಿವೆ. ಅವುಗಳಲ್ಲಿ ಯಾರೂ ಬರೆಯದ ಬಿಳಿ ಸಾಲು ಬಂದರೆ ಎಲಿಮೆಂಟ್ಸ್ ಟ್ಯಾಬ್‌ನಲ್ಲಿ ಆ ಆಪ್ಷನ್‌ನ ವ್ಯಾಲ್ಯೂ ನೋಡಿ. ಪ್ರಶ್ನಾರ್ಥಕ ಚಿಹ್ನೆ ಇದ್ದರೆ, ಮಾಡೆಲ್‌ನಲ್ಲಿ, ಅಂದರೆ ಸ್ಕ್ರಿಪ್ಟ್ ಇಟ್ಟುಕೊಂಡಿರುವ ಡೇಟಾದಲ್ಲಿ, ಇರುವ ಮೌಲ್ಯ ಪಟ್ಟಿಯ ಯಾವುದಕ್ಕೂ ಹೊಂದುತ್ತಿಲ್ಲ ಎಂದು ಅದರ ಅರ್ಥ. ಹೆಚ್ಚಿನ ಸಲ ಮಾಡೆಲ್‌ಗೆ ಆರಂಭದ ಮೌಲ್ಯವನ್ನೇ ಕೊಟ್ಟಿರುವುದಿಲ್ಲ. ಸಿಎಸ್‌ಎಸ್‌ನಿಂದ ಅದನ್ನು ಮರೆಮಾಡುವುದು ಪರಿಹಾರವಲ್ಲ. ಖಾಲಿ ವ್ಯಾಲ್ಯೂ ಇರುವ ಆಪ್ಷನ್ ಒಂದನ್ನು ನೀವೇ ಬರೆದು, ಮಾಡೆಲ್‌ಗೆ ನಲ್ ಕೊಡಿ.

ರಿಯಾಕ್ಟ್‌ನಲ್ಲಿ ದೋಷ ಇದಕ್ಕೆ ತಿರುಗುಮುರುಗು. ಅದು ಮೌಲ್ಯ ನೆನಪಿಟ್ಟುಕೊಳ್ಳುವ ಸ್ಟೇಟ್‌ನಲ್ಲಿ ಖಾಲಿ ಸ್ಟ್ರಿಂಗ್ ಇದ್ದು ಪಟ್ಟಿಯಲ್ಲಿ ಖಾಲಿ ಆಪ್ಷನ್ ಇಲ್ಲದಿದ್ದರೆ, ಅದು ಡಿಸೇಬಲ್ ಆಗಿರದ ಮೊದಲ ಸಾಲನ್ನು ತೋರಿಸುತ್ತದೆ. ಪರದೆಯಲ್ಲಿ ಬಾಗಲಕೋಟೆ, ಸ್ಟೇಟ್‌ನಲ್ಲಿ ಖಾಲಿ. ಬಾಗಲಕೋಟೆಯವರೇ ಬಂದು ‘ನಮ್ಮ ಜಿಲ್ಲೆ ಆಗಲೇ ಇದೆಯಲ್ಲ’ ಎಂದು ಕಳುಹಿಸಿದರೆ ‘ಜಿಲ್ಲೆ ಆರಿಸಿ’ ಎಂಬ ಎರರ್ ಬರುತ್ತದೆ. ಅದನ್ನೇ ಮತ್ತೆ ಒತ್ತಿದರೂ ಬದಲಾವಣೆ ಆಗಿಲ್ಲವಾದ್ದರಿಂದ ಈವೆಂಟ್ ಬರುವುದಿಲ್ಲ. ಬೇರೆ ಜಿಲ್ಲೆ ಆರಿಸಿ ಮತ್ತೆ ಬಾಗಲಕೋಟೆಗೆ ಬಂದರೆ ಮಾತ್ರ ದಾರಿ. ಒಂದು ಜಿಲ್ಲೆಯವರಿಗೆ ಮಾತ್ರ ಫಾರ್ಮ್ ಕೆಲಸ ಮಾಡುತ್ತಿಲ್ಲ ಎಂಬ ವಿಚಿತ್ರ ದೂರಿನ ಹಿಂದೆ ಇದು ಇರುತ್ತದೆ. ವ್ಯೂ ಎಂಬ ಫ್ರೇಮ್‌ವರ್ಕ್‌ನಲ್ಲಿ ಆರಂಭದ ಮೌಲ್ಯ ಹೊಂದದಿದ್ದರೆ ಪೆಟ್ಟಿಗೆ ಖಾಲಿ ಕಾಣುತ್ತದೆ, ಆದರೆ ಐಫೋನ್‌ನಲ್ಲಿ ಮೊದಲ ಸಾಲನ್ನು ಆರಿಸಲು ಆಗದೇ ಹೋಗಬಹುದು ಎಂದು ಅದರ ದಸ್ತಾವೇಜೇ ಎಚ್ಚರಿಸುತ್ತದೆ. ಎರಡಕ್ಕೂ ಮದ್ದು ಒಂದೇ, ಖಾಲಿ ವ್ಯಾಲ್ಯೂ ಇರುವ ಮೊದಲ ಸಾಲು.

ಜಾಂಗೋ ಒಂಬತ್ತು ಅಡ್ಡಗೆರೆಗಳ ಖಾಲಿ ಸಾಲನ್ನು ತಾನೇ ಸೇರಿಸುತ್ತದೆ. ಫೀಲ್ಡ್ ಖಾಲಿ ಬಿಡುವಂತಿಲ್ಲ ಎಂದಿದ್ದು, ಜೊತೆಗೆ ಡೀಫಾಲ್ಟ್ ಮೌಲ್ಯವೂ ಇದ್ದರೆ ಸೇರಿಸುವುದಿಲ್ಲ. ಹಾಗಾಗಿ ಡೇಟಾಬೇಸ್‌ನ ರಚನೆ ಬದಲಿಸುವ ಮೈಗ್ರೇಶನ್ ಸುಲಭವಾಗಲೆಂದು ಮಾಡೆಲ್‌ಗೆ ಡೀಫಾಲ್ಟ್ ಕೊಟ್ಟ ದಿನವೇ ಫಾರ್ಮ್‌ನ ಖಾಲಿ ಸಾಲು ಮಾಯವಾಗುತ್ತದೆ. ಎರಡಕ್ಕೂ ಸಂಬಂಧವಿದೆ ಎಂದು ಯಾರಿಗೂ ಥಟ್ಟನೆ ಹೊಳೆಯುವುದಿಲ್ಲ. ಅಡ್ಡಗೆರೆಗಳ ಬದಲು ಕನ್ನಡದ ಪಠ್ಯ ಬೇಕಿದ್ದರೆ ಚಾಯ್ಸಸ್ ಪಟ್ಟಿಯಲ್ಲಿ ‘ನನ್’ ಎಂಬ, ಪೈಥಾನ್‌ನಲ್ಲಿ ‘ಏನೂ ಇಲ್ಲ’ ಎಂದು ಸೂಚಿಸುವ ಮೌಲ್ಯದ ಜೊತೆ ನಿಮ್ಮ ಪಠ್ಯ ಕೊಡಿ. ಬೇರೆ ಟೇಬಲ್‌ನಿಂದ ಬರುವ ಆಯ್ಕೆಗಳಿಗೆ ಎಂಪ್ಟಿ ಲೇಬಲ್ ಇದೆ.

ರೈಲ್ಸ್‌ನಲ್ಲಿ ಪ್ರಾಂಪ್ಟ್ ಎಂಬುದು ಮೌಲ್ಯ ಇನ್ನೂ ಇಲ್ಲದಾಗ ಮಾತ್ರ ಕಾಣುತ್ತದೆ, ಇನ್‌ಕ್ಲೂಡ್ ಬ್ಲ್ಯಾಂಕ್ ಸದಾ ಕಾಣುತ್ತದೆ. ತಿದ್ದುಪಡಿ ಪುಟದಲ್ಲಿ ಖಾಲಿ ಸಾಲು ಇಲ್ಲವೆಂಬ ದೂರಿಗೆ ಇಷ್ಟೇ ಉತ್ತರ. ಎಎಸ್‌ಪಿ ಡಾಟ್ ನೆಟ್ ವೆಬ್ ಫಾರ್ಮ್ಸ್‌ನಲ್ಲಿ ಡೇಟಾ ಬೈಂಡ್ ಮಾಡಿದಾಗ ಕೈಯಿಂದ ಬರೆದ ಖಾಲಿ ಸಾಲು ಅಳಿಸಿಹೋಗುತ್ತದೆ, ಅಪೆಂಡ್‌ಡೇಟಾಬೌಂಡ್‌ಐಟಮ್ಸ್ ಅನ್ನು ಟ್ರೂ ಮಾಡಿ. ಸೆಲೆಕ್ಟ್2 ಎಂಬ ಜೆಕ್ವೆರಿ ಪ್ಲಗಿನ್ ಬಳಸಿದ್ದು ಪ್ಲೇಸ್‌ಹೋಲ್ಡರ್ (ಆರಿಸುವ ಮೊದಲು ತೋರಿಸುವ ಸೂಚನೆ) ಕಾಣದಿದ್ದರೆ ಮೂಲ ಸೆಲೆಕ್ಟ್‌ನಲ್ಲಿ ಮೊದಲಿಗೆ ಪೂರ್ತಿ ಖಾಲಿ ಆಪ್ಷನ್ ಇದೆಯೇ ನೋಡಿ, ಅದಿಲ್ಲದೆ ತೋರಿಸುವುದಿಲ್ಲ.

ಸರ್ವರ್ ಮತ್ತು ಡೇಟಾಬೇಸ್

ಪೇಲೋಡ್‌ನಲ್ಲಿ ಖಾಲಿ ಸ್ಟ್ರಿಂಗ್ ಸರಿಯಾಗಿಯೇ ಹೋಗಿದೆ, ಆದರೂ ಡೇಟಾಬೇಸ್‌ನಲ್ಲಿ 0 ಇದೆ ಎಂದರೆ ನಡುವೆ ಯಾರೋ ಅದನ್ನು ಸಂಖ್ಯೆಯಾಗಿ ಮಾರ್ಪಡಿಸಿದ್ದಾರೆ. ಜಾವಾಸ್ಕ್ರಿಪ್ಟ್‌ನಲ್ಲಿ ಖಾಲಿ ಸ್ಟ್ರಿಂಗ್ ಅನ್ನು ನಂಬರ್ ಫಂಕ್ಷನ್‌ಗೆ ಕೊಟ್ಟರೆ ಎರರ್ ಬರುವುದಿಲ್ಲ, 0 ಬರುತ್ತದೆ. ಪಾರ್ಸ್‌ಇಂಟ್‌ಗೆ ಕೊಟ್ಟರೆ ‘ಸಂಖ್ಯೆಯಲ್ಲ’ ಎಂಬ ಉತ್ತರ ಬರುತ್ತದೆ. ಮೈಎಸ್‌ಕ್ಯೂಎಲ್‌ನಲ್ಲಿ ತಪ್ಪು ಮೌಲ್ಯ ತಿರಸ್ಕರಿಸುವ ಸ್ಟ್ರಿಕ್ಟ್ ಮೋಡ್ ಆಫ್ ಇದ್ದರೆ ಪೂರ್ಣಾಂಕದ ಕಾಲಂಗೆ ಬಂದ ಖಾಲಿ ಸ್ಟ್ರಿಂಗ್ 0 ಆಗಿ ಕೂರುತ್ತದೆ. 5.7ನೇ ಆವೃತ್ತಿಯಿಂದ ಸ್ಟ್ರಿಕ್ಟ್ ಮೋಡ್ ಮೊದಲಿನಿಂದಲೇ ಆನ್ ಇರುತ್ತದೆ, ಆದ್ದರಿಂದ ಹಳೆಯ ಸರ್ವರ್‌ನಿಂದ ಹೊಸದಕ್ಕೆ ಹೋದಾಗ ವರ್ಷಗಟ್ಟಲೆ ನಡೆದ ಫಾರ್ಮ್ ಒಮ್ಮೆಗೇ ಎರರ್ ಕೊಡಲು ಶುರುಮಾಡುತ್ತದೆ. ಪೋಸ್ಟ್‌ಗ್ರೆಸ್ ಇಂಥದ್ದನ್ನು ಒಪ್ಪುವುದೇ ಇಲ್ಲ. ಪಿಎಚ್‌ಪಿಯ ಲಾರಾವೆಲ್ 5.4ರಿಂದ ಖಾಲಿ ಸ್ಟ್ರಿಂಗ್‌ಗಳನ್ನು ನಲ್ ಆಗಿ ಬದಲಿಸುತ್ತದೆ. ಕಡ್ಡಾಯವಲ್ಲದ ಫೀಲ್ಡ್‌ನ ನಿಯಮದಲ್ಲಿ ನಲ್ ಆಗಬಹುದು ಎನ್ನುವ ನಲ್ಲಬಲ್ ಬರೆಯದಿದ್ದರೆ ಖಾಲಿ ಬಿಟ್ಟವರಿಗೆ ‘ಪೂರ್ಣಾಂಕ ಇರಬೇಕು’ ಎಂಬ ಅರ್ಥವಿಲ್ಲದ ಸಂದೇಶ ಹೋಗುತ್ತದೆ.

ಸರ್ವರ್ ಒಳಗೆ ಬರುವ ಬಾಗಿಲಲ್ಲೇ ಒಂದು ಕಡೆ ನಿರ್ಧಾರ ಮಾಡಿ: ಹೆಸರೇ ಬರದಿದ್ದರೂ, ಖಾಲಿ ಬಂದರೂ, ಬರೀ ಸ್ಪೇಸ್ ಬಂದರೂ ಅದು ನಲ್. ಉಳಿದದ್ದೆಲ್ಲ ಪಟ್ಟಿಯಲ್ಲಿ ಇರುವ ಕೋಡ್ ಆಗಿರಲೇಬೇಕು, ಇಲ್ಲದಿದ್ದರೆ ತಿರಸ್ಕಾರ. ತಾಲೂಕು ಆ ಜಿಲ್ಲೆಗೆ ಸೇರಿದ್ದೇ ಎಂಬುದನ್ನೂ ಇಲ್ಲೇ ನೋಡಿ.

ನಲ್ ಎಂದರೆ ‘ಉತ್ತರ ಕೊಟ್ಟಿಲ್ಲ’ ಎಂದಷ್ಟೇ ಅರ್ಥ ಇರಲಿ. ‘ಅನ್ವಯಿಸುವುದಿಲ್ಲ’, ‘ಗೊತ್ತಿಲ್ಲ’, ‘ಹೇಳಲು ಇಷ್ಟವಿಲ್ಲ’ ಎಂಬುವು ಉತ್ತರಗಳು, ಅವಕ್ಕೆ ಪಟ್ಟಿಯಲ್ಲಿ ಬೇರೆ ಸಾಲು, ಬೇರೆ ಕೋಡ್ ಬೇಕು. ಖಾಲಿ ಸಾಲಿಗೆ ‘ಯಾವುದೂ ಇಲ್ಲ’ ಎಂದು ಬರೆದರೆ, ಅಂಗವೈಕಲ್ಯದ ಪ್ರಶ್ನೆಯನ್ನು ಓದದೆ ಬಿಟ್ಟವರೂ, ಓದಿ ಇಲ್ಲವೆಂದವರೂ ಒಂದೇ ಆಗುತ್ತಾರೆ. ಸೌಲಭ್ಯ ಸಿಗಬೇಕಾದವರ ಹೆಸರು ಅಲ್ಲಿ ಕಳೆದುಹೋದರೆ ಯಾವ ವರದಿಯಿಂದಲೂ ಹೊರತೆಗೆಯಲಾಗದು. ಖಾಲಿ ಸಾಲನ್ನು ಅಕ್ಷರವೇ ಇಲ್ಲದೆ ಬಿಡುವುದೂ ಬೇಡ, ಸ್ಕ್ರೀನ್ ರೀಡರ್ ಬಳಸುವವರಿಗೆ ಅದು ಏನೂ ಹೇಳುವುದಿಲ್ಲ. ‘ಜಿಲ್ಲೆ ಆರಿಸಿ’ ಎಂದಿರಲಿ, ಮೇಲೆ ಪ್ರತ್ಯೇಕ ಲೇಬಲ್ ಕೂಡ ಇರಲಿ, ಏಕೆಂದರೆ ಆರಿಸಿದ ಮರುಕ್ಷಣ ಆ ಪಠ್ಯ ಕಾಣದಾಗುತ್ತದೆ.

ಎಲ್ಲಕ್ಕೂ ಖಾಲಿ ಸಾಲು ಬೇಕೆಂದೇನಿಲ್ಲ. ಪುಟವೊಂದಕ್ಕೆ ಎಷ್ಟು ಸಾಲು ತೋರಿಸಬೇಕು ಎಂಬಂಥ ಕಡೆ ಮೊದಲೇ ಒಂದು ಮೌಲ್ಯ ಇರುವುದೇ ಸರಿ. ತಪ್ಪಾದರೆ ಯಾರಿಗಾದರೂ ನಷ್ಟವಾಗುವ ಪ್ರಶ್ನೆಗೆ ಮಾತ್ರ ಅವರ ಪರವಾಗಿ ಯಂತ್ರ ಉತ್ತರಿಸಬಾರದು.

ಈಗಾಗಲೇ ಸೇರಿರುವ ತಪ್ಪು ದಾಖಲೆಗಳು

ಫಾರ್ಮ್ ಸರಿಯಾದ ಮೇಲೆ ಹಳೆಯ ದಾಖಲೆಗಳನ್ನು ಒಂದೇ ಕ್ವೆರಿಯಲ್ಲಿ ನಲ್ ಮಾಡುವ ಆತುರ ಬೇಡ. ಮೊದಲ ಸಾಲಿನ ಜಿಲ್ಲೆಯಲ್ಲಿ ನಿಜವಾಗಿ ಅಲ್ಲಿಯವರೂ ಇದ್ದಾರೆ. ಪಿನ್ ಕೋಡ್ ಇದ್ದರೆ ಅದರ ಜೊತೆ ತಾಳೆ ನೋಡಿ, ಹೊಂದದವನ್ನು ಗುರುತು ಮಾಡಿ, ಅರ್ಜಿದಾರರನ್ನೇ ಕೇಳಿ ತಿದ್ದಿಸಿ. ‘-- ಆಯ್ಕೆಮಾಡಿ --’ ಎಂದು ಸೇರಿರುವುದನ್ನು ಮಾತ್ರ ನಿಶ್ಚಿಂತೆಯಿಂದ ನಲ್ ಮಾಡಬಹುದು. 0 ಇರುವ ಕಡೆ, ಯಾವ ಕಾಲಘಟ್ಟದಲ್ಲಾದರೂ 0 ಎಂಬ ಕೋಡ್‌ಗೆ ನಿಜವಾದ ಅರ್ಥ ಇತ್ತೇ ಎಂದು ಹಳೆಯ ಪಟ್ಟಿಗಳನ್ನು ನೋಡಿ ಮುಂದುವರಿಯಿರಿ.

ತಿದ್ದಿದ್ದು ನಿಂತಿದೆಯೇ ಎಂದು ನೋಡಲು ಒಂದೇ ಪರೀಕ್ಷೆ ಸಾಲದು. ಏನನ್ನೂ ಮುಟ್ಟದೆ ಕಳುಹಿಸಿ. ಜಿಲ್ಲೆ ಆರಿಸಿ, ಮತ್ತೆ ಖಾಲಿಗೆ ತಂದು ಕಳುಹಿಸಿ. ಪಟ್ಟಿಯ ಮೊದಲ ನಿಜವಾದ ಜಿಲ್ಲೆಯನ್ನೇ ಆರಿಸಿ ಕಳುಹಿಸಿ, ರಿಯಾಕ್ಟ್‌ನ ದೋಷ ಸಿಗುವುದು ಇಲ್ಲಿ. ಜಿಲ್ಲೆಯನ್ನು ಎರಡು ಸಲ ಬದಲಿಸಿ ತಾಲೂಕು ಆರಿಸದೆ ಕಳುಹಿಸಿ. ಕಳುಹಿಸಿದ ಮೇಲೆ ಬ್ಯಾಕ್ ಒತ್ತಿ ಬಂದು, ಜಿಲ್ಲೆ ಮತ್ತು ತಾಲೂಕು ಇನ್ನೂ ಒಂದಕ್ಕೊಂದು ಹೊಂದುತ್ತಿವೆಯೇ ನೋಡಿ. ಆಮೇಲೆ ಎಲಿಮೆಂಟ್ಸ್ ಟ್ಯಾಬ್‌ನಲ್ಲಿ ರಿಕ್ವೈರ್ಡ್ ಅಳಿಸಿ ಖಾಲಿಯಾಗಿಯೇ ಕಳುಹಿಸಿ. ಸರ್ವರ್ ಆಗಲೂ ತಡೆದು, ಯಾವ ಪ್ರಶ್ನೆ ಬಿಟ್ಟುಹೋಗಿದೆ ಎಂದು ಕನ್ನಡದಲ್ಲೇ ಹೇಳಬೇಕು, ಉಳಿದ ಉತ್ತರಗಳು ಫಾರ್ಮ್‌ನಲ್ಲಿ ಹಾಗೆಯೇ ಇರಬೇಕು. ಕೊನೆಯದಾಗಿ ಇವೆಲ್ಲವನ್ನೂ ಒಂದು ಹಳೆಯ ಆಂಡ್ರಾಯ್ಡ್ ಫೋನ್‌ನಲ್ಲಿ ಮತ್ತು ಒಂದು ಐಫೋನ್‌ನಲ್ಲಿ ಮಾಡಿ ನೋಡಿ.